ಸದರಿ ಗಿಡ ಮತ್ತು ಅದರ ಅವಲಂಬಿತರು

ಕಚೇರಿಯಲ್ಲಿ ಹಸಿರಿದ್ದರೆ ಕೆಲಸ ಚುರುಕಾಗುತ್ತದೆ ಎಂಬುದು ದೆಹಲಿಯಲ್ಲಿ ತೀರ್ಮಾನವಾದ ಸತ್ಯ. ಅದರಂತೆ ೧೯೬೪ರಲ್ಲಿ ಅಹಮದಾಬಾದಿನ ನಮ್ಮ ಕಚೇರಿಗೂ ಒಂದು ರಬ್ಬರ್ ಗಿಡ ಮಂಜೂರಾಯಿತು. ಸೇರು-ಪಾವುಗಳ ಕಾಲ ಮುಗಿದ ಮೇಲೆ ಅಂಗಡಿಗಳಿಂದ ಹಳೆಯ ತೂಕದ ಕಲ್ಲುಗಳನ್ನು ಹಿಂಪಡೆಯುವ ಕೇಂದ್ರ ಸರ್ಕಾರದ ಕಚೇರಿ ನಮ್ಮದು. ಗಿಡವೇನೋ ಆಲ, ಅತ್ತಿಗಳ ಜಾತಿಯದೇ. ಆದರೆ ಹಣ್ಣಿಲ್ಲ, ನೆರಳಿಲ್ಲ, ಕೋಣೆಯೊಳಗೆ ಕುಂಡದಲ್ಲಿ ಸುಮ್ಮನೆ ಹೊಳೆಯುತ್ತ ನಿಂತಿರುತ್ತದೆ. ಹೀಗಾಗಿ ಕಚೇರಿಗೆ ಬಹಳ ಬೇಗ ಒಗ್ಗಿಕೊಂಡಿತು. ಅದರ ಚಾರ್ಜು ಧಾರವಾಡದ ಕಡೆಯ ಗುಮಾಸ್ತ ಶ್ರೀಪಾದನ ಪಾಲಿಗೆ ಬಂತು.

ಕೆಲವು ತಿಂಗಳಲ್ಲಿ ಎಲೆಗಳ ಬುಡದಲ್ಲಿ ಬಿಳಿಯ ನೂಲಿನಂಥದ್ದು ಕಾಣಿಸಿತು. ಬೇರೆ ಊರಿನವರಾದರೆ ಹುಳು ಎನ್ನುತ್ತಿದ್ದರು. ನಮ್ಮಲ್ಲಿ ಗಿರಣಿಯ ಹತ್ತಿ ಹಾರಿ ಬಂದು ಟೋಪಿ, ಫೈಲು, ಚಹಾದ ಬಟ್ಟಲು ಎಲ್ಲದರ ಮೇಲೂ ಕೂರುತ್ತಿದ್ದುದರಿಂದ ಅದನ್ನು ಹತ್ತಿಯೆಂದೇ ಅಂಗೀಕರಿಸಿದೆವು. ಸೂಪರಿಂಟೆಂಡೆಂಟ್ ಜನಾರ್ದನ ರಾಯರು ಪಕ್ಕದ ಗಿರಣಿಗೆ ಎಚ್ಚರಿಕೆಯ ಪತ್ರ ಬರೆದರು. ಗಿರಣಿಯವರು ವಿಷಾದ ವ್ಯಕ್ತಪಡಿಸಿದರು. ಒಂದು ಬೆಳಗ್ಗೆ ಹತ್ತಿ ನಡೆಯತೊಡಗಿತು.

ಅದು ಹಿಟ್ಟು ತಿಗಣೆ. ಗಿಡದ ರಸ ಹೀರಿ, ಮೈತುಂಬ ಬಿಳಿ ಹಿಟ್ಟು ಹೊದ್ದು ಆರಾಮಾಗಿ ಕೂರುವ ಕೀಟ. ಅದೇ ವಾರ ಶ್ರೀಪಾದನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಪಾಪ, ವರ್ಷಗಟ್ಟಲೆ ಅರ್ಜಿ ಹಾಕಿದ್ದ. ಮಗಳು ಲಕ್ಷ್ಮಿ ಮನೆಯಲ್ಲೂ ಗುಜರಾತಿಯಲ್ಲೇ ಜಗಳವಾಡುತ್ತಿದ್ದಳು. ಈ ವರ್ಷ ಕನ್ನಡ ಶಾಲೆಗೆ ಹಾಕದಿದ್ದರೆ ಮುಂದೆ ತಾಯಿ ಮಗಳ ನಡುವೆ ದುಭಾಷಿ ಕೂರಿಸಬೇಕಾಗುತ್ತದೆಂದು ಹೆಂಡತಿ ಸಾವಿತ್ರಿ ಅತ್ತಿದ್ದಳು. ಸುದ್ದಿ ಕೇಳಿದ್ದೇ ತಡ, ಪಾತ್ರೆ ಕಟ್ಟಿಯೇಬಿಟ್ಟಳು.

ಆದರೆ ಗಿಡವನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸತಕ್ಕದ್ದು ಎಂಬ ನಿಯಮವಿತ್ತು. ಶ್ರೀಪಾದ ಸಾಬೂನು ನೀರಿಗೆ ಸೀಮೆಎಣ್ಣೆ ಬೆರೆಸಿ ತಂದ. ರಾಯರು ಅಡ್ಡ ನಿಂತರು. ಅವರು ಉಡುಪಿಯ ಕಡೆಯವರು.

"ಅದು ಆಗುದಿಲ್ಲ ಮಾರಾಯ್ರೆ. ಈ ಕಟ್ಟಡದಲ್ಲಿ ಯಾವ ಜೀವವನ್ನೂ ಕೊಲ್ಲಬಾರದು ಅಂತ ಬಾಡಿಗೆ ಕರಾರಿನಲ್ಲಿ ಉಂಟು."

"ಸರ್, ಇವು ತಿಗಣಿ ಅವ ಸರ್!"

"ತಿಗಣೆಗೆ ಜೀವ ಇಲ್ಲ ಅಂತ ನೀವು ಸಹಿ ಮಾಡಿ ಕೊಡ್ತೀರಾ?"

ಶ್ರೀಪಾದ ಕೊಡಲಿಲ್ಲ. ಕಟ್ಟಡದ ಮಾಲೀಕರಾದ ಚಿಮನಲಾಲ್ ಶೇಠರು ಜೈನರು. ವಿಷಯ ತಿಳಿದು ತಾವೇ ಬಂದು ಹಿಂದಿಯಲ್ಲಿ ಹೇಳಿದರು: "ಅರೆ ಭಾಯಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ತೆಗೆದು ಅಂಗಳದ ಆಲದ ಮರಕ್ಕೆ ಬಿಡಿ. ಅವೂ ಬದುಕಲಿ, ನೀವೂ ಬದುಕಿ."

ಇಷ್ಟು ಸರಳವಾದ ಸಲಹೆಯನ್ನು ಒಪ್ಪುವ ಅಧಿಕಾರ ರಾಯರಿಗಿರಲಿಲ್ಲ. ಸರ್ಕಾರಿ ಎಲೆ ತಿಂದು ಕೊಬ್ಬಿದ ಕೀಟ ಖಾಸಗಿ ಮರಕ್ಕೆ ಹೋದರೆ, ಸರ್ಕಾರದ ಸ್ವತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದಂತಾಗುತ್ತದೆ. ಅವರು ದೆಹಲಿಗೆ ಬರೆದು, ಗೋಡೆಗೆ ಪ್ರಕಟಣೆ ಅಂಟಿಸಿದರು:

"ಉತ್ತರ ಬರುವವರೆಗೆ ಸದರಿ ಕೀಟಗಳನ್ನು ಯಾರೂ ಊದತಕ್ಕದ್ದಲ್ಲ, ಕೆರೆಯತಕ್ಕದ್ದಲ್ಲ, ಅವುಗಳೆದುರು ಸೀಮೆಎಣ್ಣೆಯ ಮಾತೆತ್ತತಕ್ಕದ್ದಲ್ಲ."

ಉತ್ತರ ಬಂತು. ಅಹಮದಾಬಾದಿನ ಬಿಸಿಲು ಗಿಡಕ್ಕೆ ಒಗ್ಗಿಲ್ಲವೆಂದೂ, ಅದನ್ನು ಅವಲಂಬಿತರ ಸಮೇತ ತಂಪಾದ ಊರಿನ, ಬಾಡಿಗೆ ಕರಾರಿನ ತೊಡಕಿಲ್ಲದ ಸ್ವಂತ ಕಟ್ಟಡಕ್ಕೆ ವರ್ಗಾಯಿಸಬೇಕೆಂದೂ ಆದೇಶವಾಗಿತ್ತು. ಅಂಥ ಕಟ್ಟಡವಿದ್ದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಖಾಲಿಯಿದ್ದದ್ದು ಒಂದೇ ಜಾಗ. ಶ್ರೀಪಾದನ ವರ್ಗಾವಣೆ ರದ್ದಾಯಿತು.

ಕಾಲೂಪುರ ಸ್ಟೇಷನ್ನಿನಲ್ಲಿ ನಾವೆಲ್ಲ ಗಿಡಕ್ಕೆ ಹಾರ ಹಾಕಿದೆವು. ರಾಯರು ಅದರ ಸನ್ನಡತೆಯ ಬಗ್ಗೆ ನಾಲ್ಕು ಮಾತಾಡಿದರು. ಶ್ರೀಪಾದ ಬಿಕ್ಕಿ ಬಿಕ್ಕಿ ಅತ್ತ. ಗಿಡದ ಮೇಲಿನ ಮಮತೆಯೆಂದು ರಾಯರು ಮೆಚ್ಚಿಕೊಂಡರು. ಲಕ್ಷ್ಮಿ ಗಾಡಿಗೆ ಕೈಬೀಸಿ "ಆವಜೋ" ಎಂದು ಗುಜರಾತಿಯಲ್ಲಿ ಬೀಳ್ಕೊಟ್ಟಳು.

"ಇರ್ಲಿ ಬಿಡ್ರಿ, ಗಿಡಕ್ಕರೆ ನಮ್ಮೂರ ನೀರು ಸಿಕ್ತು," ಎಂದ ಸಾವಿತ್ರಿ ಮನೆಗೆ ಹೋಗಿ ಕಟ್ಟಿದ ಪಾತ್ರೆ ಬಿಚ್ಚಿದಳು.

ಹುಬ್ಬಳ್ಳಿಯಿಂದ ವರದಿ ಬಂತು: "ಸದರಿ ಗಿಡ ಹಾಜರಾಗಿದೆ. ಸ್ಥಳೀಯ ಭಾಷೆಯಿಂದ ಗಿಡಕ್ಕಾಗಲಿ ಅದರ ಅವಲಂಬಿತರಿಗಾಗಲಿ ತೊಂದರೆಯಾಗಿಲ್ಲ. ದಾರಿಯಲ್ಲಿ ನೀರು ಹಾಕುವವರಿಲ್ಲದೆ ಕೆಲವು ಎಲೆ ಉದುರಿವೆ."

ಎಲೆ ಉದುರಿದ್ದು ದೆಹಲಿಗೆ ಬಹಳ ನೋವುಂಟುಮಾಡಿತು. ಕೂಡಲೇ ಹೊಸ ನಿಯಮ ಹೊರಟಿತು. ಇನ್ನು ಮುಂದೆ ಕೀಟ ಹತ್ತಿದ ಗಿಡದೊಂದಿಗೆ ಅದರ ಪಾಲಕನೂ ಸಂಸಾರ ಸಮೇತ, ಜಾಗ ಖಾಲಿಯಿಲ್ಲದಿದ್ದರೂ ಗಿಡ ಹೋದಲ್ಲಿಗೇ ವರ್ಗವಾಗತಕ್ಕದ್ದು.

ಆ ಮೇಲೆ ಬರೋಡಾ, ಸೂರತ್ ಕಚೇರಿಗಳಲ್ಲಿ ಊರಿಗೆ ಹೋಗಬೇಕೆನ್ನುವವರೆಲ್ಲ ರಬ್ಬರ್ ಗಿಡ ಬೇಡಿದರು. ಭಾನುವಾರ ಬಂತೆಂದರೆ ಮರ್ಯಾದಸ್ಥ ನೌಕರರು ಕೈಯಲ್ಲಿ ಖಾಲಿ ಬೆಂಕಿಪೆಟ್ಟಿಗೆ ಹಿಡಿದು ಊರಿನ ತೋಟಗಳಲ್ಲಿ ಎಲೆ ಮಗುಚಿ ನೋಡುತ್ತಿದ್ದರು. ನಮ್ಮ ಕಚೇರಿಗೂ ಹೊಸ ಗಿಡ ಬಂತು. ಹೆಚ್ಚಿನ ಆರೈಕೆ ಬೇಕೆಂದು ಶ್ರೀಪಾದ ಅದನ್ನು ಮನೆಗೊಯ್ಯಲು ಅನುಮತಿ ಪಡೆದ. ಸಾವಿತ್ರಿ ದಿನಾ ಅದಕ್ಕೆ ನೀರು ಹಾಕಿ, ಎಲೆಯಡಿ ನೋಡಿ, ನಿಟ್ಟುಸಿರಿಟ್ಟು ಒಳಗೆ ಹೋಗುತ್ತಿದ್ದಳು.

ಶಾಲೆ ತೆರೆಯುವ ಮುಂಚಿನ ವಾರ ಲಕ್ಷ್ಮಿ ಕುಂಡದ ಬಳಿ ಬಗ್ಗಿದವಳು ಕೇರಿಗೆಲ್ಲ ಕೇಳುವಂತೆ, ಅಚ್ಚ ಕನ್ನಡದಲ್ಲಿ ಕೂಗಿದಳು:

"ಅವ್ವಾ, ಬಂತು! ಹತ್ತಿ ಅಲ್ಲ, ನಡೀಲಿಕ್ಕತ್ತದ!"

ಶ್ರೀಪಾದ ದೇವರಿಗೆ ತುಪ್ಪದ ದೀಪ ಹಚ್ಚಿದ. ಸಾವಿತ್ರಿ ಶಿರಾಕ್ಕೆ ರವೆ ಹುರಿಯಲಿಟ್ಟು, ಪಾತ್ರೆ ಕಟ್ಟಲು ಕೂತಳು.