ಮೂರು ಸುತ್ತಿಗೆ

ಪಿಯಾನೋ ರಿಪೇರಿಯವನು ಮಗಳ ಶಾಲೆಯ ಕಾರ್ಯಕ್ರಮವನ್ನು ಸತತ ಮೂರು ವರ್ಷ ತಪ್ಪಿಸಿಕೊಂಡಿದ್ದ. ಊರಿನ ಪಿಯಾನೋಗಳೆಲ್ಲ ಅವನ ಕೈಯಲ್ಲಿ ಶ್ರುತಿಗೆ ಬಂದಿದ್ದವು, ಮನೆಯೊಂದು ಮಾತ್ರ ಬಂದಿರಲಿಲ್ಲ.

"ಇವತ್ತು ಐದಕ್ಕೆ ಮುಂದಿನ ಸಾಲಲ್ಲಿ ಇರ್ಬೇಕು. ಇಲ್ಲಾಂದ್ರೆ ಅವಳನ್ನ ನೀವೇ ಸಮಾಧಾನ ಮಾಡ್ಕೊಳ್ಳಿ," ಎಂದಳು ಹೆಂಡತಿ.

"ನಾಲ್ಕಕ್ಕೇ ಬರ್ತೀನಿ ಕಣೇ. ಯುವಜನ ಶಿಬಿರದಲ್ಲಿ ಒಂದೇ ಒಂದು ಪಿಯಾನೋ, ಎರಡು ಗಂಟೆ ಕೆಲಸ."

ಶಿಬಿರಕ್ಕೆ ಒಂಬತ್ತು ದೇಶಗಳ ಹುಡುಗ ಹುಡುಗಿಯರು ಬಂದಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. 'ಸಂಗೀತಕ್ಕೆ ಭಾಷೆಯಿಲ್ಲ' ಎಂದು ಗೋಡೆಯ ಮೇಲೆ ಬ್ಯಾನರ್ ಕಟ್ಟಿದ್ದರು. ಭಾಷೆಯಿಲ್ಲದಿದ್ದರೇನು, ತಕರಾರಿಗೆ ಬರವಿರಲಿಲ್ಲ. ರಿಪೇರಿಯವನು ಪಿಟೀಲಿನ ಹುಡುಗಿಗೆ ಹೊಂದುವಂತೆ ಪಿಯಾನೋದ ತಂತಿ ಬಿಗಿದರೆ ಅಕಾರ್ಡಿಯನ್ ಹುಡುಗ ತಲೆಯಾಡಿಸಿದ. ಸಡಿಲಿಸಿದರೆ ಕೊಳಲಿನವಳು ಕಿವಿ ಮುಚ್ಚಿಕೊಂಡಳು. ಶ್ರುತಿಯ ಗೊಡವೆಯೇ ಇಲ್ಲದ ಡೋಲಿನವನೂ ಪಿಯಾನೋದೊಳಗೆ ತಲೆ ತೂರಿಸಿ ಮುಖ ಕಿವುಚಿದ.

"ನೋಡ್ರೀ, ಎಷ್ಟು ಬೇಗ ಸ್ನೇಹ ಆಗೋಯ್ತು!" ಎಂದು ಶಿಬಿರದ ಕಾರ್ಯದರ್ಶಿ ಕಣ್ಣೊರೆಸಿಕೊಂಡರು. ಸುಳ್ಳಲ್ಲ. ನಿನ್ನೆಯವರೆಗೆ ಮುಖ ಕೊಟ್ಟು ಮಾತಾಡದವರು ರಿಪೇರಿಯವನನ್ನು ಬೈಯುವುದರಲ್ಲಿ ಒಂದಾಗಿದ್ದರು.

ಮೂರೂವರೆಯಾಯಿತು. "ಸಾರ್, ಹೊರಡ್ಲಾ?"

"ಎಲ್ಲಿಗ್ರೀ? ಐದಕ್ಕೆ ಇಲ್ಲೇ ವಿಶೇಷ ಕಾರ್ಯಕ್ರಮ ಇದೆ. ಪಿಯಾನೋ ನಡೀತಿರೋವರೆಗೂ ನೀವು ಅಲ್ಲಾಡೋ ಹಾಗಿಲ್ಲ."

ನಡೆದರೆ ತಾನೇ? ಕಾರ್ಯದರ್ಶಿ ಚಹಾಕ್ಕೆ ಹೋದದ್ದೇ ತಡ, ಅವನು ಪಿಯಾನೋದ ಒಳಗೆ ತಂತಿಗೆ ಬಡಿಯುವ ಪುಟ್ಟ ಮರದ ಸುತ್ತಿಗೆಗಳಲ್ಲಿ ಮೂರನ್ನು ಬಿಚ್ಚಿದ. ಅಷ್ಟರಲ್ಲಿ ಕಾಲಸಪ್ಪಳ ಕೇಳಿ ಗಾಬರಿಯಾಗಿ ಮೂರನ್ನೂ ಕಿಟಕಿಯಿಂದಾಚೆ ಬಾತುಕೋಳಿ ಕೊಳಕ್ಕೆ ಎಸೆದುಬಿಟ್ಟ.

"ಸಾರ್, ಮೂರು ಸುತ್ತಿಗೆ ಹೋಗಿಬಿಟ್ಟಿವೆ. ಹೊಸದು ಬರೋಕೆ ಒಂದು ವಾರ. ನಾನಿದ್ದು ಏನ್ ಮಾಡ್ಲಿ?" ಎಂದು ಮುಖ ಸಣ್ಣದು ಮಾಡಿ ಚೀಲ ಹೆಗಲಿಗೇರಿಸಿದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿರಲಿಲ್ಲ.

ಗೇಟಿನಲ್ಲಿ ಹೆಂಡತಿ, ಮಗಳು, ಹಿಂದೆ ಇಡೀ ಶಾಲೆ!

"ಶಾಲೆ ಪಿಯಾನೋ ಕೈಕೊಡ್ತು," ಎಂದಳು ಹೆಂಡತಿ. "ಆರು ತಿಂಗಳಿಂದ ನಾಳೆ ನೋಡ್ತೀನಿ, ನಾಳೆ ನೋಡ್ತೀನಿ ಅಂತಿದ್ರಲ್ಲ, ಅದೇ. ಹೆಡ್‌ಮಿಸ್ಸು ಶಿಬಿರದವರನ್ನ ಕೇಳ್ಕೊಂಡು ಕಾರ್ಯಕ್ರಮ ಇಲ್ಲಿಗೇ ಹಾಕಿಸಿದ್ರು."

"ಅಪ್ಪಾ, ನೀನು ಸರಿ ಮಾಡಿರೋ ಪಿಯಾನೋನೇ ನಾನು ನುಡಿಸೋದು!" ಮಗಳು ಕುಣಿದಳು. "ಮುಂದಿನ ಸಾಲಲ್ಲೇ ಕೂತ್ಕೋಬೇಕು, ಆಯ್ತಾ?"

"ಒಂದೇ ನಿಮಿಷ ಪುಟ್ಟಿ," ಎಂದವನೇ ಕೊಳಕ್ಕೆ ಓಡಿ ಪ್ಯಾಂಟು ಮಡಚದೆ ಇಳಿದ. ಮೊಣಕಾಲುದ್ದ ಕೆಸರು. ಬಾತುಕೋಳಿಗಳೂ ಸುತ್ತ ನೆರೆದು ಸಲಹೆ ಕೊಡತೊಡಗಿದವು.

ಐದಕ್ಕೆ ಸರಿಯಾಗಿ ಒಳಗೆ ಪಿಯಾನೋ ಶುರುವಾಯಿತು. ಸುತ್ತಿಗೆಯಿಲ್ಲದೆ ಸತ್ತ ಕೀ ಬಂದಾಗ ಮಗಳ ಕೈ ತಡವರಿಸಿದ್ದು ಅವನಿಗೆ ಹೊರಗೇ ಕೇಳಿಸಿತು. ಆದರೆ ಮರುಕ್ಷಣ ಆ ಸ್ವರವನ್ನು ಅಕಾರ್ಡಿಯನ್ ತುಂಬಿತು. ಎರಡನೆಯದನ್ನು ಕೊಳಲು, ಮೂರನೆಯದನ್ನು ಪಿಟೀಲು. ದಿನವಿಡೀ ಒಂದು ಶ್ರುತಿಗೆ ಒಪ್ಪದ ಮಹಾಶಯರು ಈಗ ಒಂದೇ ಉಸಿರಿನಲ್ಲಿ ನುಡಿಸುತ್ತಿದ್ದರು. ಚಪ್ಪಾಳೆ ಕೊಳದ ನೀರನ್ನೂ ಅಲ್ಲಾಡಿಸಿತು.

ಅದೇ ಹೊತ್ತಿಗೆ ಅವನ ಕೈಗೆ ಮೂರನೆಯ ಸುತ್ತಿಗೆ ಸಿಕ್ಕಿತು.

"ಎಂಥಾ ಕಾರ್ಯಕ್ರಮ ಕಣ್ರೀ!" ಕಾರ್ಯದರ್ಶಿ ಕಿಟಕಿಯಿಂದ ಕೂಗಿದರು. "ನೀವಿರಬೇಕಿತ್ತು!"

ಅವರ ಪಕ್ಕದಲ್ಲಿ ಹೆಂಡತಿ ಬಂದು ನಿಂತಳು. ಅವನ ಕೈಯಲ್ಲಿದ್ದ ಸುತ್ತಿಗೆಗಳನ್ನೊಮ್ಮೆ ನೋಡಿದಳು. ಬಾಯಿ ಬಿಡದೆ, ತಪ್ಪಿಸಿಕೊಂಡ ವರ್ಷಗಳ ಲೆಕ್ಕಕ್ಕೆ ನಾಲ್ಕು ಬೆರಳು ಎತ್ತಿ ತೋರಿಸಿದಳು.

ಅದಕ್ಕೂ ಭಾಷೆ ಬೇಕಿರಲಿಲ್ಲ.