ಮೊದಲು ಸಿಕ್ಕ ತಿಪ್ಪೇಸ್ವಾಮಿ

ಹೆಸರಿನ ಗೊಂದಲ ನಮ್ಮ ಕಡೆ ಹೊಸದೇನಲ್ಲ. ಒಂದು ಬಗೆಹರಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

೧. ಟೀ ಯಾರಿಗೆ?

ಚಳ್ಳಕೆರೆಯಲ್ಲಿ ನಮ್ಮದು ಮೂರು ಕುರ್ಚಿಯ ಆಫೀಸು. ರೇಷ್ಮೆ ಸೀರೆಯ ಮಗ್ಗಕ್ಕೆ ಡಿಸೈನ್ ಹೇಳಿಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತೇವೆ. ಒಂದು ಕುರ್ಚಿ ನನ್ನದು, ಉಳಿದೆರಡರಲ್ಲೂ ತಿಪ್ಪೇಸ್ವಾಮಿಗಳು. ಒಬ್ಬ ನನ್ನಿವಾಳದವನು, ಇನ್ನೊಬ್ಬ ಬಿ.ಜಿ. ಕೆರೆಯವನು. ಮನೆಗೊಬ್ಬ ತಿಪ್ಪೇಸ್ವಾಮಿ ಇರುವ ಸೀಮೆ, ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಟೀ ತರುವವನು ಬಾಗಿಲಲ್ಲೇ ನಿಂತು "ತಿಪ್ಪೇಸ್ವಾಮಿ" ಅನ್ನುತ್ತಾನೆ. ಮೊದಲು ತಿರುಗಿದವನ ಕೈಗೆ ಲೋಟ ಕೊಟ್ಟು ಹೊರಟುಬಿಡುತ್ತಾನೆ. ಎರಡನೆಯವನು ಒಂದು ದಿನ ತಡೆದು, ನನ್ನ ಟೀ ಎಲ್ಲಿ ಅಂತ ಕೇಳಿದ.

"ಕೂಗಿದ್ದು ಒಂದ್ ಹೆಸರು, ಕೊಟ್ಟಿದ್ದು ಒಂದ್ ಲೋಟ. ಸರಿಯಾಗೇ ಐತಲ್ಲ?" ಅಂದ ಟೀಯವನು.

೨. ತಲೆಕೆಳಗಾದ ನವಿಲು

ನಮ್ಮ ಮೊದಲ ಗಿರಾಕಿ ಮೊಳಕಾಲ್ಮೂರಿನ ಹಿರಿಯ ನೇಕಾರರು. ಪೆಟ್ಟಿಗೆ ಕೂರಿಸಿದ ಮಾರನೇ ದಿನವೇ ಕರೆಸಿದರು. ಹೋಗಿ ನೋಡಿದರೆ, ಅಂಚಿನಲ್ಲಿ ಎದುರುಬದುರು ನಿಲ್ಲಬೇಕಾದ ನವಿಲುಗಳಲ್ಲಿ ಒಂದು ತಲೆಕೆಳಗಾಗಿದೆ.

"ಏಮಮ್ಮಾ, ಸೋಮವಾರದೊಳಗೆ ಇದು ಎದ್ದು ನಿಲ್ಬೇಕು. ಇಲ್ಲಾಂದ್ರೆ ಪೆಟ್ಟಿಗೆ ತಗೊಂಡ್ ಹೋಗ್ರಿ, ಡಿಸೈನಿಗೆ ನಂಗೆ ಹಳೇ ತೂತಿನ ರಟ್ಟೇ ಸಾಕು" ಅಂದರು.

ಪೆಟ್ಟಿಗೆ ವಾಪಸ್ ಬಂದರೆ ಆಫೀಸಿಗೆ ಬೀಗ ಖಂಡಿತ. ಅವರ ಹೆಂಡತಿಗೆ ಮಾತ್ರ ನನ್ನ ಮೇಲೆ ಕನಿಕರ.

"ಬಿಡಮ್ಮಾ, ಉಟ್ಕೊಂಡೋಳು ತಲೆ ಕೆಳಗೆ ಮಾಡಿ ನಿಂತ್ರೆ ಸರಿ ಕಾಣ್ತೈತೆ."

೩. ಎಲ್ಲರೂ ಒಟ್ಟಿಗೆ ಬರ್ರಿ

ಆಫೀಸಿನಲ್ಲಿ ಇಬ್ಬರು ತಿಪ್ಪೇಸ್ವಾಮಿಗಳೂ ಪೆಟ್ಟಿಗೆಗೆ ತಾವು ಬರೆದ ಪ್ರೋಗ್ರಾಮ್ ಸರಿಯಾಗಿದೆ ಅಂತ ಪಟ್ಟು ಹಿಡಿದರು. ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಸರಿಯಾಗೇ ಇತ್ತು. ಅಷ್ಟರಲ್ಲಿ ಟೀ ಬಂತು, ಒಬ್ಬ ತಿರುಗಿದ, ಲೋಟ ಸಿಕ್ಕಿತು. ನನ್ನ ತಲೆಯಲ್ಲಿ ದೀಪ ಹತ್ತಿತು.

ಪ್ರೋಗ್ರಾಮಿನ ತುಂಡುಗಳನ್ನೆಲ್ಲ ಜೋಡಿಸುವ ಲಿಂಕರ್ ಕೂಡ ಈ ಟೀಯವನ ಜಾತಿಯೇ. ಇಬ್ಬರೂ ಸಿ ಭಾಷೆಯಲ್ಲಿ ಬರೆದ ತುಂಡುಗಳನ್ನು ಪೇರಿಸಿಟ್ಟ ಲೈಬ್ರರಿಯಲ್ಲಿ ಒಂದು ಹೆಸರು ಕೂಗುತ್ತದೆ, ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಡುತ್ತದೆ. ಅದೇ ಹೆಸರಿನ ಇನ್ನೊಂದು ಒಳಗೇ ಕೂತಿದ್ದರೂ ಕೇಳುವವರಿಲ್ಲ. ಆಯ್ದುಕೊಳ್ಳುವುದು ಬೇಡ, ಲೈಬ್ರರಿಯಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಎಳೆದು ತಾ ಅಂತ ಅಪ್ಪಣೆ ಕೊಟ್ಟೆ. ಲಿಂಕರ್ ಬಾಯಿಬಾಯಿ ಬಡಿದುಕೊಂಡಿತು: 'ಫ್ಲಿಪ್' ಎರಡು ಕಡೆ ಇದೆ.

ಗೆದ್ದೆ. ಒಬ್ಬನ ಫ್ಲಿಪ್ ಚಿತ್ರವನ್ನು ಎಡಬಲ ತಿರುಗಿಸುತ್ತಿತ್ತು, ಇನ್ನೊಬ್ಬನದು ಮೇಲೆಕೆಳಗೆ. ಹೆಸರು ಬದಲಿಸಿ ಅಂದರೆ ಇಬ್ಬರೂ ಒಪ್ಪಲಿಲ್ಲ. ಕೊನೆಗೆ ಹೆಸರಿನ ಹಿಂದೆ ಊರು ಸೇರಿಸಿದೆವು. ಈಗ ನಮ್ಮ ಲೈಬ್ರರಿಯಲ್ಲಿ ನನ್ನಿವಾಳದ ಫ್ಲಿಪ್ ಮತ್ತು ಬಿ.ಜಿ. ಕೆರೆ ಫ್ಲಿಪ್ ಜಗಳವಿಲ್ಲದೆ ಸಂಸಾರ ಮಾಡುತ್ತಿವೆ.

೪. ನೇಕಾರರ ತಮ್ಮ

ಸೋಮವಾರ ಮೊಳಕಾಲ್ಮೂರಿನಲ್ಲಿ ನವಿಲು ಎದ್ದು ನಿಂತಿತು. ನೇಕಾರರು ಅದನ್ನು ಬೆರಳಿಂದ ಸವರಿ, ಪೆಟ್ಟಿಗೆ ಇಲ್ಲೇ ಇರಲಿ ಅಂದರು. ನನಗೆ ಕುಣಿಯಬೇಕು ಅನ್ನಿಸಿತು. ತಮ್ಮನಿಗೂ ಒಂದು ಬೇಕು, ನಾಳೆ ಚಳ್ಳಕೆರೆಗೆ ಕಳಿಸ್ತೀನಿ, ಯಾರನ್ನ ಕೇಳಬೇಕು ಅಂದರು. ನನ್ನ ಜೊತೆ ಬಂದು ಎದೆಯುಬ್ಬಿಸಿ ನಿಂತಿದ್ದ ಇಬ್ಬರು ತಿಪ್ಪೇಸ್ವಾಮಿಗಳೂ ಒಟ್ಟಿಗೇ ಬಾಯಿಬಿಟ್ಟರು.

"ತಿಪ್ಪೇಸ್ವಾಮಿ ಅಂತ ಕೇಳ್ರಿ, ಸಾಕು."

ಮಾರನೇ ದಿನ ಸಂಜೆಯವರೆಗೆ ಕಾದರೂ ತಮ್ಮ ಬರಲಿಲ್ಲ. ನೇಕಾರರದೇ ಫೋನ್ ಬಂತು.

"ತಮ್ಮ ವಾಪಸ್ ಬಂದ ಕಣಮ್ಮಾ. ಬಸ್ ಸ್ಟ್ಯಾಂಡ್ ಹತ್ರಾನೇ ಅಂಗಡೀಲಿ ತಿಪ್ಪೇಸ್ವಾಮಿಯವ್ರು ಸಿಕ್ರಂತೆ, ಬಹಳ ಒಳ್ಳೇವ್ರಂತೆ. ಮಗ್ಗಕ್ಕೆ ಅವ್ರು ಒಂದು ಟಿನ್ ಶೇಂಗಾ ಎಣ್ಣೆ ಯಾಕೆ ಕೊಟ್ರು ಅನ್ನೋದು ಮಾತ್ರ ಅವಂಗೆ ತಿಳೀಲಿಲ್ಲ."