ಎಮ್ಮೆ ಯಾವ ಮಹಡಿಯಲ್ಲಿದೆ?

ನನಗೆ ಟೋಪಿ ಹಾಕುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಇದು ಹಸಿ ಸುಳ್ಳು. ಹುಟ್ಟಿದ್ದಾರೆ, ಬೆಳೆದಿದ್ದಾರೆ, ಒಬ್ಬನಂತೂ ನಮ್ಮ ಓಣಿಯಲ್ಲೇ ಮನೆ ಕಟ್ಟಿಸಿದ್ದಾನೆ. ಅದರ ಮೇಲ್ಮಹಡಿ ಎದ್ದದ್ದು ನನ್ನ ದಡ್ಡತನದ ಪಾಯದ ಮೇಲೆ. ಆದರೆ ಈ ಟೀ ಮುಗಿಯುವಷ್ಟರಲ್ಲಿ ನಿಮಗೆ ಹೇಳಹೊರಟಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಎಮ್ಮೆಯ ಬಣ್ಣವೊಂದನ್ನು ಬಿಟ್ಟು.

ಇಂಟರ್ನೆಟ್ಟಿನಲ್ಲಿ ರೂಮು ಬುಕ್ ಮಾಡಿ ಮೋಸಹೋಗುವ ನಾಗರಿಕರು ಹೆಚ್ಚಾದುದರಿಂದ ನಮ್ಮಲ್ಲಿ ‘ನಿರ್ಭಯ ಪ್ರವಾಸ ದೃಢೀಕರಣ ಕಚೇರಿ’ ಸ್ಥಾಪನೆಯಾಯಿತು. ‘ಹೋಗುವ ಮುನ್ನ ಕೇಳಿ, ಕೇಳಿದ ಮೇಲೆ ಹೋಗಬೇಡಿ’ ಎಂದು ಬಾಗಿಲ ಮೇಲೆ ಬರೆಸಲಾಯಿತು. ಎರಡನೆಯ ಅರ್ಧ ಪೇಂಟರನ ಸ್ವಂತ ಸೇರ್ಪಡೆ ಎಂಬ ಆರೋಪವಿದೆ. ಏನೇ ಇರಲಿ, ಮೊದಲ ವರ್ಷ ಯಾರೂ ಎಲ್ಲಿಗೂ ಹೋಗಲಿಲ್ಲ, ವಂಚನೆ ಪ್ರಕರಣಗಳು ಸೊನ್ನೆಗೆ ಇಳಿದವು, ಅಧಿಕಾರಿಗಳಿಗೆ ಬಡ್ತಿ ಸಿಕ್ಕಿತು.

ಆ ಕಚೇರಿಯನ್ನು ಕಣ್ಣುಮುಚ್ಚಿ ನಂಬುವವರು ಅಂತ ಒಬ್ಬರಿದ್ದರೆ ಅದು ನಮ್ಮ ಭಾವ. ಬೀಗದ ಅಂಗಡಿ ಅವರದು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತುದಿಗೆ ಹೋಗಿ, ಮತ್ತೆ ವಾಪಸು ಬಂದು ಎಳೆದು ನೋಡುವ ಜಾತಿ. ಅಂಥವರನ್ನು ಕಟ್ಟಿಕೊಂಡ ನಮ್ಮಕ್ಕನಿಗೆ ಇದ್ದದ್ದು ಒಂದೇ ಆಸೆ: ಸಮುದ್ರ ನೋಡಬೇಕು. ಮದುವೆಯ ಹೊಸತರಲ್ಲಿ ಭಾವ ಮಾತು ಕೊಟ್ಟಿದ್ದರು. ಆಮೇಲೆ ಆ ಮಾತಿಗೂ ಒಂದು ಬೀಗ ಬಿತ್ತು. ಈಗ ಮಗಳ ಮದುವೆಯೂ ಮುಗಿದು, ಅಕ್ಕ ಹಿಡಿದ ಪಟ್ಟು ಬಿಡದೆ ಕೂತಾಗ ಭಾವ ಒಪ್ಪಿದರು, ಒಂದು ಷರತ್ತಿನ ಮೇಲೆ.

“ಇದೊಂದೇ ಸಲ. ಎಲ್ಲಾದ್ರೂ ಮೋಸ ಆಯ್ತೋ, ಇನ್ನು ಈ ಜನ್ಮದಲ್ಲಿ ನಾನು ಹೊಸಿಲು ದಾಟಲ್ಲ, ನಿನ್ನನ್ನೂ ದಾಟಿಸಲ್ಲ.”

ಮೂಟೆ ಹೊರಲು ಒಬ್ಬ ಬೇಕಲ್ಲ, ನಾನೂ ಹೊರಟೆ.

ಕಚೇರಿಯಲ್ಲಿ ಎರಡು ತಂಗುದಾಣಗಳ ಪರಿಶೀಲನೆ ನಡೆಯಿತು. ಒಂದು, ಪಕ್ಕದ ಮನೆಯವರು ಹೋಗಿ ಬಂದಿದ್ದ, ಕಡಲತೀರದ ಒಬ್ಬ ಅಜ್ಜಿಯ ಮನೆ. ಇನ್ನೊಂದು, ಭಾವನಿಗೆ ಮೊಬೈಲಿನಲ್ಲಿ ತಾನಾಗಿಯೇ ಕಾಣಿಸಿಕೊಂಡ ‘ನೀಲಸಾಗರ ಪ್ಯಾಲೇಸ್’. ಅಧಿಕಾರಿಗಳು ಮೊದಲು ಅಜ್ಜಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು.

“ಮುಂಗಡ ಎಷ್ಟು ಕಳಿಸಬೇಕು?”

“ಮುಂಗಡ ಯಾಕಪ್ಪ? ಬಂದು ನೋಡಿ, ಹಿಡಿಸಿದ್ರೆ ಕೊಡಿ. ಬಚ್ಚಲುಮನೆ ನಲ್ಲಿ ಸೋರುತ್ತೆ, ಈಗ್ಲೇ ಹೇಳಿಬಿಡ್ತೀನಿ.”

“ಕಟ್ಟಡ ಅಸ್ತಿತ್ವದಲ್ಲಿದೆ ಎಂಬುದಕ್ಕೆ ದಾಖಲೆ?”

“ಒಳಗೇ ಕೂತು ಮಾತಾಡ್ತಿದೀನಲ್ಲೋ ಮಗಾ!”

“ಅದು ಮೌಖಿಕ,” ಎಂದು ಅಧಿಕಾರಿಗಳು ಫೋನಿಟ್ಟರು. “ಕೇಳಿದಿರಾ? ಮುಂಗಡ ಬೇಡವಂತೆ. ತನ್ನ ನಲ್ಲಿ ಸೋರುತ್ತೆ ಅಂತ ಬೇರೆ ತಾನೇ ಹೇಳ್ತಾಳೆ. ಏನನ್ನೋ ಮುಚ್ಚಿಡ್ತಿದಾಳೆ.”

ನೀಲಸಾಗರದವರು ಹಾಗಲ್ಲ. ದಾಖಲೆ ಕೇಳುವ ಮೊದಲೇ ದಾಖಲೆ ಬಂತು. ಬಣ್ಣಬಣ್ಣದ ಮೊಹರುಗಳು, ಕಿಟಕಿಯ ತುಂಬ ಸಮುದ್ರದ ಫೋಟೋಗಳು. ಎಲ್ಲಕ್ಕಿಂತ ಮೇಲೆ, ‘ವಂಚಕರಲ್ಲ’ ಎಂಬ ಪ್ರಮಾಣಪತ್ರ. ಕೊಟ್ಟವರು ಇದೇ ಕಚೇರಿ, ಸಹಿ ಇದೇ ಅಧಿಕಾರಿಗಳದು.

“ಸಾರ್, ಇಂಥದೊಂದು ಪ್ರಮಾಣಪತ್ರ ನೀವು ಕೊಡ್ತೀರಾ?” ಎಂದೆ.

“ಇಲ್ಲಿವರೆಗೆ ಕೊಡ್ತಿರಲಿಲ್ಲ. ಮಾದರಿ ಚೆನ್ನಾಗಿದೆ, ನಾಳೆಯಿಂದ ಕೊಡೋಣ.” ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. “ನೋಡಿ, ನನ್ನ ಸಹೀನ ನನಗಿಂತ ನೀಟಾಗಿ ಹಾಕಿದಾರೆ. ಇಷ್ಟು ಶ್ರದ್ಧೆ ಇರೋರು ಮೋಸ ಮಾಡೋದು ಸಾಧ್ಯವೇ ಇಲ್ಲ.”

ಅಷ್ಟರಲ್ಲಿ ನೀಲಸಾಗರದಿಂದ, ಪೂರ್ತಿ ಹಣ ಈಗಿಂದೀಗಲೇ ಬಾರದಿದ್ದರೆ ರೂಮು ಬೇರೆಯವರ ಪಾಲಾಗುತ್ತದೆ ಎಂಬ ಎಚ್ಚರಿಕೆ ಬಂತು. ಸಮಯಪಾಲನೆಯನ್ನು ಅಧಿಕಾರಿಗಳು ಮೆಚ್ಚಿಕೊಂಡರು.

“ರೀ, ಆ ಅಜ್ಜಿ ದನಿ ನಮ್ಮಮ್ಮನ ಹಾಗೇ ಇತ್ತು,” ಎಂದಳು ಅಕ್ಕ.

“ಮೋಸಗಾರರು ಮತ್ತೆ ಇನ್ಯಾರ ದನೀಲಿ ಮಾತಾಡ್ತಾರೆ?” ಎಂದು ಭಾವ ಹಣ ಕಳಿಸಿದರು.

ಬಸ್ಸಿಳಿದು, ಮೊಬೈಲಿನ ನಕ್ಷೆ ತೋರಿಸಿದ ಜಾಗಕ್ಕೆ ಹೋದೆವು. ಅದೊಂದು ಬಯಲು. ಮುಳ್ಳಿನ ಗಿಡಗಳು, ಹಾಲಿನಂತೆ ಬೆಳ್ಳಗಿನ ಒಂದು ಎಮ್ಮೆ, ಮತ್ತು ಸೂಟ್‌ಕೇಸುಗಳ ಮೇಲೆ ಕೂತ ಕೆಲವು ಸಂಸಾರಗಳು. ಎಲ್ಲರ ಕೈಯಲ್ಲೂ ದೃಢೀಕರಣ ಪತ್ರ. ಸಮುದ್ರ ಕಾಣುವುದಿರಲಿ, ಒಂದು ಬಕೆಟ್ ನೀರೂ ಇರಲಿಲ್ಲ.

ಭಾವ ಕಚೇರಿಗೆ ಫೋನು ಮಾಡಿದರು.

“ಸಾರ್, ಇಲ್ಲಿ ಕಟ್ಟಡ ಇಲ್ಲ.”

“ಸರಿಯಾಗಿ ನೋಡಿ. ನಮ್ಮ ದಾಖಲೆಯಲ್ಲಿದೆ.”

“ಬರೀ ಬಯಲು ಸಾರ್. ಒಂದು ಎಮ್ಮೆ ಇದೆ.”

“ಎಮ್ಮೆ ಯಾವ ಮಹಡಿಯಲ್ಲಿದೆ?”

ಭಾವ ಎಮ್ಮೆಯನ್ನು ಮೇಲಿಂದ ಕೆಳಗೆ ನೋಡಿದರು. “ನೆಲಮಹಡಿ ಅನ್ಸುತ್ತೆ ಸಾರ್.”

“ಹಾಗಾದ್ರೆ ಅದೇ ಸ್ವಾಗತ ಕೌಂಟರು. ಅಲ್ಲಿ ವಿಚಾರಿಸಿ.”

ಭಾವ ಹೋಗಿ ಎಮ್ಮೆಯ ಮುಂದೆ ನಿಂತು, ಗೌರವದಿಂದ ಕೆಮ್ಮಿದರು.

ಆ ಹೊತ್ತಿಗೆ ಎಲ್ಲರ ಮೊಬೈಲಿಗೂ ಕಚೇರಿಯ ಸುತ್ತೋಲೆ ಬಂತು: ‘ದೃಢೀಕೃತ ಸ್ಥಳದಲ್ಲಿ ಕಟ್ಟಡ ಕಾಣದಿದ್ದಲ್ಲಿ ಅದನ್ನು ಪ್ರವಾಸಿಗರ ದೃಷ್ಟಿದೋಷವೆಂದು ಪರಿಗಣಿಸತಕ್ಕದ್ದು. ಮೋಸಹೋಗಿದ್ದೇವೆಂದು ದೂರುವವರು ಮೋಸ ಮಾಡಿದವರ ಒಪ್ಪಿಗೆ ಪತ್ರವನ್ನು ಲಗತ್ತಿಸತಕ್ಕದ್ದು.’

ಇದಾದ ಮೇಲೆ ವಾತಾವರಣ ತಿಳಿಯಾಯಿತು. ನಿವೃತ್ತ ಮೇಷ್ಟರೊಬ್ಬರು ಕೋಲಿನಿಂದ ಮಣ್ಣಿನಲ್ಲಿ ಕೋಣೆಗಳನ್ನು ಗೀಚಿ ಹಂಚಿಕೊಟ್ಟರು. ನಮಗೆ ಎರಡನೇ ಮಹಡಿ, ಮುಳ್ಳಿನ ಗಿಡದ ಈಚೆ. ಭಾವ ಬಾಗಿಲಿದ್ದಿರಬಹುದಾದ ಜಾಗಕ್ಕೆ ಸೂಟ್‌ಕೇಸು ಇಟ್ಟು, ಅದಕ್ಕೆ ಬೀಗ ಜಡಿದು, ಎಳೆದು ನೋಡಿದರು. ಮೂರನೇ ಮಹಡಿಯವರು ಓಡಾಡುವ ಸದ್ದು ಜಾಸ್ತಿಯಾಯಿತೆಂದು ಯಾರೋ ಗೊಣಗಿದರು.

ಅಕ್ಕ ಮಾತ್ರ ಗೆರೆಯ ಹೊರಗೇ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ನನ್ನ ಮೊಬೈಲು ಕಿತ್ತುಕೊಂಡು, ಪಕ್ಕದ ಮನೆಯವರು ಕೊಟ್ಟಿದ್ದ ನಂಬರು ಒತ್ತಿ, ಆ ಅಜ್ಜಿಗೆ ಹಚ್ಚಿದಳು.

“ಎಮ್ಮೆ ಇರೋ ಬಯಲಾ?” ಅಜ್ಜಿ ನಕ್ಕ ಸದ್ದು ನಮಗೂ ಕೇಳಿಸಿತು. “ಅದು ನಂದೇ ಕಣಮ್ಮಾ. ಹೊತ್ತು ಇಳಿದ ಮೇಲೆ ತಾನೇ ಮನೆಗೆ ಬರುತ್ತೆ. ಅದರ ಹಿಂದೇನೇ ಬಂದುಬಿಡು.”

ಬಿಸಿಲು ತಣಿದಾಗ ಸ್ವಾಗತ ಕೌಂಟರು ಎದ್ದು, ಬಾಲ ಬೀಸಿ ಹೊರಟಿತು. ಅಕ್ಕ ಅದರ ಹಿಂದೆ ಹೊರಟಳು.

“ಏಯ್, ಎಲ್ಲಿಗೆ? ಅದು ದೃಢೀಕರಣ ಆಗಿಲ್ಲ!” ಎಂದರು ಭಾವ.

“ಎಮ್ಮೇನಾ, ಸಮುದ್ರಾನಾ?”

“ಎರಡೂ!”

“ನೀವು ಬೀಗ ಕಾಯ್ತಿರಿ. ನಾನು ನೋಡ್ಕೊಂಡು ಬರ್ತೀನಿ. ಏ ಮಂಗಾ, ನೀನು ಬಾರೋ.”

ಹೊಂಗೆ ಮರಗಳ ಸಾಲು ದಾಟಿ, ಒಂದು ದಿಬ್ಬ ಹತ್ತಿ ಇಳಿದೆವು. ಅಕ್ಕ ನಿಂತುಬಿಟ್ಟಳು. ಆಮೇಲೆ, “ಇಷ್ಟೊಂದು ಇದೆಯೇನೋ!” ಎಂದಳು, ಯಾರೋ ಇಷ್ಟು ವರ್ಷ ಅವಳಿಗೆ ಸ್ವಲ್ಪವೇ ಇದೆ ಎಂದು ಹೇಳಿಕೊಂಡು ಬಂದಿದ್ದರೇನೋ ಎಂಬಂತೆ. ನೀರಿಗಿಳಿದಳು. ಒಂದು ಅಲೆ ಬಂದು ಅವಳ ಎಡಗಾಲಿನ ಚಪ್ಪಲಿಯನ್ನು ಒಯ್ದಿತು. ಅಕ್ಕ ಹಾಗೆ ನಕ್ಕದ್ದನ್ನು ನಾನು ಕೊನೆಯ ಸಲ ಕೇಳಿದ್ದು ಅವಳ ಮದುವೆಗೆ ಮುಂಚೆ.

ರಾತ್ರಿ ಅಜ್ಜಿ ಉಣ್ಣಿಸಿದಳು. ಬಚ್ಚಲಿನ ನಲ್ಲಿ ಸೋರುತ್ತಿತ್ತು. ಇಡೀ ಪ್ರವಾಸದಲ್ಲಿ ಹೇಳಿದ್ದು ಹೇಳಿದ ಹಾಗೇ ಇದ್ದದ್ದು ಅದೊಂದೇ.

ಊರಿಗೆ ಮರಳಿದ ಮೇಲೆ ಕಚೇರಿಯಲ್ಲಿ ವಿಚಾರಣೆ. ರಾತ್ರಿಯೆಲ್ಲ ಬಯಲಿನ ಸೊಳ್ಳೆ ಕಚ್ಚಿ ಭಾವನ ಮುಖ ದಪ್ಪಗಾಗಿತ್ತು. ಅಧಿಕಾರಿಗಳು ಅಕ್ಕನ ಬರಿಗಾಲು ನೋಡಿದರು.

“ಚಪ್ಪಲಿ ಎಲ್ಲಮ್ಮಾ?”

“ಸಮುದ್ರ ತಗೊಂಡು ಹೋಯ್ತು.”

ಅಧಿಕಾರಿಗಳ ಮುಖ ಅರಳಿತು. “ಅಂದ್ರೆ ಸಮುದ್ರ ಇತ್ತು! ನೀಲಸಾಗರದವರು ಸಮುದ್ರ ತೋರಿಸ್ತೀವಿ ಅಂದಿದ್ರು, ತೋರಿಸಿದಾರೆ. ಸ್ವಾಗತ ಕೌಂಟರಿನವರು ಜೊತೆಗೆ ಬಂದು ದಾರಿ ತೋರಿಸಿದ್ರಾ?”

“ಮುಂದೆ ಮುಂದೆ ಹೋಗ್ತಿತ್ತು ಸಾರ್,” ಎಂದೆ ನಾನು. ಸತ್ಯವನ್ನು ಯಾಕೆ ಮುಚ್ಚಿಡಲಿ?

“ಇಂಥ ಸೇವೆ ಎಲ್ಲಿ ಸಿಗುತ್ತೆ! ಹಾಗಾದ್ರೆ ಮೋಸ ಆಗಿಲ್ಲ ಅಂತ ಬರೀಲಾ?”

ಭಾವ ಅಕ್ಕನ ಮುಖ ನೋಡಿದರು. ಅವರು ಹಾಕಿದ ಷರತ್ತು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಅಕ್ಕ ಪೆನ್ನು ಕೇಳಿ ಪಡೆದಳು.

“ಎಲ್ಲಿ ಮೋಸ? ಒಂಚೂರೂ ಆಗ್ಲಿಲ್ಲ,” ಎಂದು ಸಹಿ ಹಾಕಿ, ಐದಕ್ಕೆ ಐದು ನಕ್ಷತ್ರವನ್ನೂ ಕೊಟ್ಟಳು.

ಭಾವನಿಗೆ ಎಷ್ಟು ಸಮಾಧಾನವಾಯಿತೆಂದರೆ ಕೆರೆತವೂ ನಿಂತಿತು. “ನಾನು ಹೇಳ್ಲಿಲ್ವಾ? ದೃಢೀಕರಣ ಅಂದ್ರೆ ದೃಢೀಕರಣ. ಬರೋ ವರ್ಷಾನೂ ಅಲ್ಲೇ ಬುಕ್ ಮಾಡೋಣ.”

“ಹೂಂ ರೀ. ಎಮ್ಮೆ ಪಕ್ಕದ ರೂಮೇ ಇರಲಿ.”

ಈಗ ವರ್ಷಕ್ಕೊಮ್ಮೆ ನಾವು ಹೋಗುತ್ತೇವೆ. ಭಾವ ಎರಡನೇ ಮಹಡಿಯಲ್ಲಿ ಬೀಗ ಕಾಯುತ್ತಾರೆ, ಅಕ್ಕ ಎಮ್ಮೆಯ ಹಿಂದೆ ಹೋಗುತ್ತಾಳೆ. ಬಯಲಿನಲ್ಲಿ ಈಗ ಜಾಗವೇ ಸಿಗುವುದಿಲ್ಲ. ಹೊಸಬರಿಗೆ ಆರನೇ ಮಹಡಿ ಕೊಡುತ್ತಿದ್ದಾರೆ. ಲಿಫ್ಟ್ ಕೆಟ್ಟಿದೆಯೆಂಬ ಒಂದು ದೂರು ಬಿಟ್ಟರೆ ಯಾರದೂ ತಕರಾರಿಲ್ಲ.

ಅಂದಹಾಗೆ, ಈ ಟೀ ಬಿಲ್ಲು ನಿಮ್ಮ ಕಡೆ ಸರಿಸುತ್ತಿದ್ದೇನೆ. ಗುರುತಿಲ್ಲದವರಿಗೆ ಮುಂಗಡ ಕೊಡಬೇಡಿ ಎಂಬುದು ಸರಿಯೇ. ಆದರೆ ನಾನು ಕುಡಿದು ಮುಗಿಸಿದ್ದೇನೆ, ಲೋಟ ನೋಡಿ, ತಳ ಕಾಣುತ್ತಿದೆ. ಇದರಲ್ಲಿ ಮೋಸಕ್ಕೆ ಜಾಗವೆಲ್ಲಿ? ಧೈರ್ಯವಾಗಿ ಕೊಟ್ಟುಬಿಡಿ.